ಹಗುರಾದ ಟ್ರಿಗರ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಬಂದೂಕು ರಿಪೇರಿಯ ಲೈಸೆನ್ಸ್ ಅಂಗಡಿ ಇದ್ದ ಕಾಲ. ಕಮಲಾಪುರದ ವಯಸ್ಸಾದ ಗೌಡರೊಬ್ಬರು ನನ್ನನ್ನು ಮನೆಗೇ ಕರೆಸಿದರು. ಅವರ ಪಿಸ್ತೂಲಿನ ಟ್ರಿಗರ್ ಬಹಳ ಬಿಗಿ. ಅಳಿಯ ಮುಂಬೈಯಿಂದ ಹೊಸ ಟ್ರಿಗರ್, ಸ್ಪ್ರಿಂಗು ತಂದುಕೊಟ್ಟಿದ್ದ. ಅವನ್ನು ಜೋಡಿಸಿ, ಗುಂಡಿಲ್ಲದ ಪಿಸ್ತೂಲನ್ನು ಗೌಡರ ಕೈಗೆ ಕೊಟ್ಟೆ.

ಅವರು ಎದುರಿನ ಖಾಲಿ ಕುರ್ಚಿಗೆ ಗುರಿಯಿಟ್ಟು ಒತ್ತಿದರು. ಟಕ್ ಅಂತು. ಮತ್ತೆ ಒತ್ತಿದರು.

“ಈಗ ಭೇಷ್ ಆತು. ಸಂಜಿಕ ಅಂವ ಬಂದು ಅಲ್ಲೇ ಕೂಡ್ತಾನ,” ಅಂದರು ಮೆತ್ತಗೆ.

“ಯಾರ್ರಿ ಗೌಡ್ರ?”

“ಕೇಳಿದ್ರೂ ಹೆಸರು ಹೇಳಂಗಿಲ್ಲ ಅಂವ. ನನ್ನನ್ನೇ ನೋಡ್ಕೋತ ಕೂಡ್ತಾನ.”

ಚಹಾ ಕೊಡಲು ಬಗ್ಗಿದ ಅವರ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಸಂಜಿಕ ಆ ಕುರ್ಚಿ ಮ್ಯಾಲ ಕೂಡಾಕಿ ನಾನೇ ರೀ.”

ನಾನು ಗೌಡರ ಕಡೆ ತಿರುಗಿದೆ. “ಸ್ಪ್ರಿಂಗ್ ಸರಿ ಕೂತಿಲ್ರಿ, ಅಂಗಡಿಗೇ ಒಯ್ಬೇಕು,” ಎಂದು ಪಿಸ್ತೂಲು ಇಸಿದುಕೊಂಡೆ. ಪರೀಕ್ಷೆಗೆ ಬೇಕೆಂದು ಗುಂಡುಗಳನ್ನೂ ಕೇಳಿ ತಂದೆ. ಅಳಿಯನನ್ನು ಕರೆಸಿ ಎಲ್ಲ ತಿಳಿಸಿದ ಮೇಲೆ ಮನೆಯವರು ಗೌಡರನ್ನು ಡಾಕ್ಟರಿಗೆ ತೋರಿಸಿದರು.

ಗೌಡರು ಇರುವ ತನಕ ಆ ಪಿಸ್ತೂಲು ರಿಪೇರಿಯಲ್ಲೇ ಇತ್ತು. ನನಗೆ ಕೆಲಸವೇ ಬರುವುದಿಲ್ಲವೆಂದು ಅವರು ಊರಿಗೆಲ್ಲ ಹೇಳಿದರಂತೆ. ಆಮೇಲೆ ಕಮಲಾಪುರದಿಂದ ಒಂದು ಬಂದೂಕೂ ನನ್ನ ಅಂಗಡಿಗೆ ಬರಲಿಲ್ಲ.