ಓರಗಿತ್ತಿಯ ಬಿಳಿಮಣ್ಣು

ಹುಸ್ನೆಗೆ ಓರಗಿತ್ತಿ ಎಲ್ಮಾಸಳ ಗೋಡೆ ಕಂಡರೆ ಆಗುತ್ತಿರಲಿಲ್ಲ. ಗೋಡೆ ಪಾಪ ಏನು ಮಾಡೀತು ಅನ್ನಬೇಡಿ. ನಮ್ಮ ಅನಟೋಲಿಯಾದ ಹಳ್ಳಿಯಲ್ಲಿ ಹೆಂಗಸಿನ ಮಾನವೆಲ್ಲ ಗೋಡೆಯ ಮೇಲೇ ಇತ್ತು. ರಮ್ಜಾನ್ ಹಬ್ಬ ಹತ್ತಿರ ಬಂತೆಂದರೆ ಗುಡ್ಡದಿಂದ ಬಿಳಿಮಣ್ಣು ಅಗೆದು ತಂದು, ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ಕಲಸಿ ಒಳಗೂ ಹೊರಗೂ ಬಳಿಯಬೇಕು. ಮಿಕ್ಕ ನುಣ್ಣನೆಯ ಹುಡಿ ಕೂಸುಗಳ ಮೈಗೆ. ಹಬ್ಬಕ್ಕೆ ಬಂದವರು ಮೊದಲು ನೋಡುವುದು ಗೋಡೆಯನ್ನು, ಆಮೇಲೆ ಬಕ್ಲಾವಾ ಸಿಹಿಯ ತಟ್ಟೆಯನ್ನು.

ಎಲ್ಮಾಸಳ ಗೋಡೆ ಹಾಲಿನಂತೆ. ಹುಸ್ನೆಯದು ಎಷ್ಟು ಬಳಿದರೂ ಮಾಸಲು. ಹೊಸ ಸೊಸೆಯಾಗಿ ಬಂದಾಗ ಅವಳು ಬಾಯಿಬಿಟ್ಟು ಕೇಳಿದ್ದಳು.

"ಅಕ್ಕಾ, ಆ ಮಣ್ಣು ಎಲ್ಲಿ ಸಿಗುತ್ತೆ?"

ಎಲ್ಮಾಸ್ ತೊರೆಯಾಚೆಯ ಹೊಂಡ ತೋರಿಸಿದಳು. "ಇಲ್ಲೇ ಕಣೆ. ಕೈಗುಣ ಇರ್ಬೇಕು ಅಷ್ಟೆ."

ಆ ಕೈಗುಣದ ಮಾತು ಹುಸ್ನೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ತಾನು ತೋರಿಸಿದ ಹೊಂಡದ ಕಡೆ ಎಲ್ಮಾಸ್ ತಲೆ ಹಾಕುವುದಿಲ್ಲ, ಮುಂಜಾವಿನಲ್ಲೇ ಕತ್ತೆ ಹೊಡೆದುಕೊಂಡು ಬೇರೆಲ್ಲೋ ಗುಡ್ಡ ಹತ್ತುತ್ತಾಳೆ ಎಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಆದರೆ ಮತ್ತೆ ಕೇಳುವಷ್ಟು ಮಾನಗೆಟ್ಟವಳಲ್ಲ ಹುಸ್ನೆ. ಮಾಸಲು ಗೋಡೆಯನ್ನೇ ಬಳಿಯುತ್ತ, ಹೊಟ್ಟೆ ಉರಿಸಿಕೊಳ್ಳುತ್ತ ಮುದುಕಿಯಾದಳು.

ಅವಳ ಗಂಡ ಸಿಗರೇಟು ಸೇದಿ ಸೇದಿ, ಕೆಮ್ಮಿನಲ್ಲಿ ರಕ್ತ ಬಂದು, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದ. ಸೇದಿದ, ಹೋದ ಎಂದು ಊರು ಸುಮ್ಮನಾಯಿತು. ಎಲ್ಮಾಸ್ ಒಂದು ದಿನವೂ ಸೇದಿದವಳಲ್ಲ. ಅವಳಿಗೆ ಮೊದಲು ಬಲಪಕ್ಕೆಯಲ್ಲಿ ನೋವು ಬಂತು, ಆಮೇಲೆ ಹಿಟ್ಟು ನಾದಿದರೂ ಏದುಸಿರು. ಮೈಯಿಳಿದು ಶಾಲ್ವಾರ್ ಸೊಂಟದಲ್ಲಿ ನಿಲ್ಲದಾಯಿತು. ಪಕ್ಕೆಯೊಳಗೆ ತುಂಬಿದ ನೀರನ್ನು ಸೂಜಿ ಹಾಕಿ ತೆಗೆದರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಇದು ಶ್ವಾಸಕೋಶದ ಒಳಗಿನದಲ್ಲ, ಅದರ ಮೇಲಿನ ಪೊರೆಯ ಕ್ಯಾನ್ಸರ್, ಮೆಸೊಥೆಲಿಯೋಮಾ ಎಂದರು ನಗರದ ಆಸ್ಪತ್ರೆಯಲ್ಲಿ.

ಕಾಯಿಲೆಯಲ್ಲೂ ಇವಳಿಗೆ ನಾಲಗೆ ಹೊರಳದ ಹೆಸರಿನದೇ ಬೇಕಿತ್ತು, ಎಂದುಕೊಂಡಳು ಹುಸ್ನೆ. ಊರಿಗೆ ಊರೇ ಸಾರು, ರೊಟ್ಟಿ ಹಿಡಿದು ಎಲ್ಮಾಸಳ ಬಾಗಿಲಲ್ಲಿ ನಿಂತಿತ್ತು. ತನ್ನ ಗಂಡ ಮಲಗಿದ್ದಾಗ ಅದರ ಅರ್ಧ ಜನವೂ ಬಂದಿರಲಿಲ್ಲ. ಸಾಯುವವಳ ಮೇಲೂ ಹೊಟ್ಟೆಕಿಚ್ಚೇ ಎಂದು ತನ್ನ ಮೇಲೆ ತನಗೇ ನಾಚಿಕೆಯಾಯಿತು. ಕಿಚ್ಚು ಮಾತ್ರ ಆರಲಿಲ್ಲ.

ಆಮೇಲೆ ಡಾಕ್ಟರುಗಳು ಊರಿಗೇ ಬಂದು ಮನೆಮನೆಯ ಗೋಡೆ ಕೆರೆದು ಮಣ್ಣು ತೆಗೆದುಕೊಂಡರು.

"ಬಿಳಿಮಣ್ಣಲ್ಲಿ ಆಸ್ಬೆಸ್ಟಾಸ್ ಇದೆ ಅಜ್ಜಿ," ಎಂದಳು ಎಳೆಯ ಡಾಕ್ಟರಮ್ಮ. "ಕಣ್ಣಿಗೆ ಕಾಣದ ಎಳೆ. ಉಸಿರಲ್ಲಿ ಒಳಗೆ ಹೋಗಿ ಆ ಪೊರೆಗೆ ಚುಚ್ಕೊಂಡು ಕೂರುತ್ತೆ. ಮೂವತ್ತು ನಲವತ್ತು ವರ್ಷ ಸುಮ್ನಿದ್ದು ಆಮೇಲೆ ಏಳುತ್ತೆ."

ಹುಸ್ನೆ ಡಾಕ್ಟರಮ್ಮನ ತೋಳು ಹಿಡಿದಳು. "ನಂದು ಬಿಡವ್ವ. ನನ್ನ ಸೆನೆಮ್‌ಗೆ, ನನ್ನ ಮಗಳಿಗೆ, ಕೂಸಿದ್ದಾಗ ದಿನಾ ಆ ಹುಡಿ ಹಚ್ಚಿದೀನಿ."

ತಾಯಿ ಮಗಳಿಬ್ಬರ ಎದೆಯ ಎಕ್ಸರೇ ತೆಗೆದರು. ಉತ್ತರ ಬರುವವರೆಗೆ ಹುಸ್ನೆಗೆ ಅನ್ನನೀರು ಸೇರಲಿಲ್ಲ. ಬಂದ ಉತ್ತರ ನಂಬುವಂತಿರಲಿಲ್ಲ. ಇಬ್ಬರ ಎದೆಯೂ ಚೊಕ್ಕ. "ನಿಮ್ಮ ಗೋಡೇದು ಬರೀ ಸುಣ್ಣಮಣ್ಣು ಅಜ್ಜಿ, ಅದ್ರಲ್ಲಿ ಎಳೆ ಇಲ್ಲ."

ಹುಸ್ನೆ ನೇರವಾಗಿ ಎಲ್ಮಾಸಳ ಮನೆಗೆ ನಡೆದಳು. ಮಲಗಿದರೆ ಉಸಿರು ಕಟ್ಟುವುದರಿಂದ ಎಲ್ಮಾಸ್ ದಿಂಬಿಗೊರಗಿ ಕೂತಿದ್ದಳು.

"ಅಕ್ಕಾ, ಅವತ್ತು ನೀನು ನಂಗೆ ಬೇರೆ ಹೊಂಡ ತೋರಿಸಿದ್ದೆ."

"ಹೂಂ ಕಣೆ. ಹೊಗಳೋಕೆ ಅತ್ತೆಗೆ ಎದ್ರೂ ನಿನ್ನ ಹೆಸ್ರು, ಕೂತ್ರೂ ನಿನ್ನ ಹೆಸ್ರು. ಗೋಡೆ ಒಂದಾದ್ರೂ ನಂದಿರ್ಲಿ ಅಂತ." ಎಲ್ಮಾಸ್ ಉಸಿರಿಗಾಗಿ ತಡೆದಳು. "ಒಳ್ಳೆ ಮಣ್ಣನ್ನ ನನ್ನ ಮಕ್ಳಿಗೇ ಇಟ್ಕೊಂಡೆ. ನಾಳೆ ಅವ್ರ ಎಕ್ಸರೇ."

ಅವಳ ಕಣ್ಣು ಹುಸ್ನೆಯ ಎದೆಯ ಮೇಲೆ ನಿಂತಿತ್ತು, ಏರುತ್ತ ಇಳಿಯುತ್ತಿದ್ದ ಆ ಸಲೀಸು ಉಸಿರಿನ ಮೇಲೆ. ಆ ನೋಟ ಹುಸ್ನೆಗೆ ಚೆನ್ನಾಗಿ ಗೊತ್ತಿತ್ತು. ಅವಳು ಓರಗಿತ್ತಿಯ ಪಕ್ಕದಲ್ಲಿ ಕೂತು, ತನ್ನ ಉಸಿರಿನ ಸದ್ದು ಕೇಳಿಸದಂತೆ ಮೆಲ್ಲಗೆ, ಕದ್ದು ಕದ್ದು ಉಸಿರಾಡಿದಳು.