ಎರಡನೇ ಸುತ್ತಿನ ಸಕ್ಕರೆ

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೂ ನೆಟ್ ಹೋಗಬಹುದಿತ್ತು. ಎರಡೂ ಇದ್ದು, ಕಾಲೇಜಿನ ಅರ್ಜಿಯ ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಮಗಳಿಗೆ ಸೀನು ಬಂದು ಬೇರೆ ಗುಂಡಿ ಒತ್ತಿಬಿಡಬಹುದಿತ್ತು. ಫೋಟೋದಲ್ಲಿ ಕಿವಿ ಕಾಣುತ್ತಿಲ್ಲವೆಂದು ಅರ್ಜಿ ತಿರುಗಿ ಬರಬಹುದಿತ್ತು. ಸಂದರ್ಶನದ ದಿನವೇ ಗಂಟಲು ಕಟ್ಟಬಹುದಿತ್ತು. ಕಾಗದಗಳನ್ನು ಇಲಿ ಕಡಿಯಬಹುದಿತ್ತು, ಗೆದ್ದಲು ಹತ್ತಬಹುದಿತ್ತು, ನಮ್ಮ ಮನೆಯವರು ಅವುಗಳ ಮೇಲೆ ಚಹಾದ ಲೋಟ ಇಡಬಹುದಿತ್ತು. ಗದ್ವಾಲದಲ್ಲಿ ರೈಲು ತಪ್ಪಬಹುದಿತ್ತು. ತಪ್ಪದೆ ಸಿಕ್ಕ ರೈಲು ಬೇರೆ ಊರಿಗೆ ಹೋಗುವುದಾಗಿರಬಹುದಿತ್ತು.

ಇವನ್ನೆಲ್ಲ ನಾನು ಪಾಠಯೋಜನೆಯ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಪಟ್ಟಿ ಮಾಡಿ ಬರೆದಿಟ್ಟಿದ್ದೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ನನಗೆ ಮಾತ್ರ ಬರೆದ ಮೇಲೆ ಇನ್ನೂ ನಾಲ್ಕು ನೆನಪಾಗುತ್ತವೆ.

ನಾನು ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ ಕನ್ನಡ ಮಾಧ್ಯಮದ ಶಾಲಾ ಶಿಕ್ಷಕಿ. ಚಿಂತೆ ಮಾಡುವುದು ನನ್ನ ಎರಡನೇ ನೌಕರಿ. ಅದಕ್ಕೆ ರಜೆ ಇಲ್ಲ. ಮಗಳು ನನ್ನ ಹಾಗಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬಳೆ ಅಂಗಡಿಯಲ್ಲಿ ಉರ್ದು ಆಡುವ ತನ್ನ ಅಜ್ಜಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರೆ ಹೆಚ್ಚು ಗೆಲ್ಲುತ್ತಾಳೆ ಎಂದು ಹತ್ತನೇ ತರಗತಿಯಿಂದಲೂ ಗಮನಿಸಿ ಬರೆದಿಡುತ್ತಾ ಬಂದವಳು. ಅವಳಿಗೆ ಭಾಷೆಗಳ ಬಗ್ಗೆಯೇ ಓದಬೇಕಿತ್ತು. ಪದವಿಯಲ್ಲಿ ಅದನ್ನು ಅವಳಿಗೆ ಬೇಕಾದ ಹಾಗೆ ಕಲಿಸುವ ಕಾಲೇಜು ಹುಡುಕಿ ಹುಡುಕಿ ಒಂದೇ ಸಿಕ್ಕಿತ್ತು, ಅದೂ ದೂರದ ಊರಿನಲ್ಲಿ.

ಆ ಕಾಲೇಜಿನವರು ಎಲ್ಲರಿಗಿಂತ ಮುಂಚೆ ಅರ್ಜಿ ಹಾಕುವವರಿಗೆಂದು ಎರಡು ಸುತ್ತು ಇಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಒಂದು, ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು. ಆಮೇಲೆ ಎಲ್ಲರ ಸುತ್ತು. ಅಲ್ಲಿ ಮಕ್ಕಳು ಬಹಳ, ಸೀಟು ಕಡಿಮೆ. ಮುಂಚಿನ ಸುತ್ತುಗಳಿಗೆ ಒಂದು ಶರತ್ತು ಇತ್ತು. ಸೀಟು ಕೊಟ್ಟರೆ ಬರಲೇಬೇಕು. ಬೇರೆ ಕಾಲೇಜಿಗೆ ಹಾಕಿದ ಅರ್ಜಿಗಳನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು. ಹಾಗೆಂದು ಹುಡುಗಿಯೂ ಸಹಿ ಹಾಕಬೇಕು, ತಾಯಿ ತಂದೆಯರಲ್ಲಿ ಒಬ್ಬರೂ ಹಾಕಬೇಕು.

ಮೊದಲನೇ ಸುತ್ತು ನನ್ನಿಂದ ತಪ್ಪಿತು. ಅರ್ಜಿ ಎಂದ ಮೇಲೆ ಜಾತಿ ಪತ್ರ, ಆದಾಯ ಪತ್ರ, ವಾಸದ ಪತ್ರ ಇಲ್ಲದೆ ಹೇಗೆ ಎಂದು ನಾನು ನಾರಾಯಣಪೇಟೆಗೂ ಮಕ್ತಲ್‌ಗೂ ಓಡಾಡಿದೆ. ಅವರು ಕೇಳಿಲ್ಲ ಎಂದು ಮಗಳು ಎರಡು ಸಲ ಹೇಳಿದಳು. ಈಗ ಕೇಳಿಲ್ಲ, ಆಮೇಲೆ ಕೇಳಿದರೆ ಎಂದೆ. ಮೂರೂ ಪತ್ರಗಳು ಕೈಗೆ ಬಂದು, ಎರಡೆರಡು ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟ ದಿನ ನೋಡಿದರೆ ಸುತ್ತು ಮುಗಿದು ಎರಡು ದಿನವಾಗಿತ್ತು. ಆ ಪತ್ರಗಳನ್ನು ಅವರು ಇವತ್ತಿನವರೆಗೂ ಕೇಳಿಲ್ಲ. ಮಗಳು ಕ್ಯಾಲೆಂಡರಿನಲ್ಲಿ ಸಂಕ್ರಾಂತಿಯ ಸುತ್ತಿನ ತಾರೀಖಿಗೆ ಗುರುತು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹಾಗಾಗಿ ಸಂಕ್ರಾಂತಿಯ ಸುತ್ತಿನಲ್ಲಿ ಏನೂ ತಪ್ಪಬಾರದಿತ್ತು. ಇದೂ ತಪ್ಪಿದರೆ ಅದು ನಾನು ಮಗಳಿಗೆ ಮಾಡಿದ ಅನ್ಯಾಯವಾಗುತ್ತಿತ್ತು.

ಸಹಿ ಹಾಕುವ ಕಾಗದವನ್ನು ಮಗಳು ಓದಿ ಹೇಳುವಾಗ ನಮ್ಮ ಅತ್ತೆ ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದರು. ನಮ್ಮ ಕಡೆ ಮದುವೆಯ ಮಾತು ಗಟ್ಟಿಯಾದರೆ ಎರಡೂ ಮನೆಯವರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಾರೆ. ಆಮೇಲೆ ಹುಡುಗಿಗೆ ಬೇರೆ ಮನೆ ನೋಡುವಂತಿಲ್ಲ. ಅತ್ತೆಗೆ ಈ ಸುತ್ತು ನನಗಿಂತ ಬೇಗ ಅರ್ಥವಾಯಿತು.

"ಅಂದ್ರ ನಮ್ಮ ಹುಡುಗಿ ಮಾತು ಕೊಡ್ತಾಳ. ಅವರು ಕೊಡಂಗಿಲ್ಲ?"

"ಅವರು ನೋಡಿ ಹೇಳ್ತಾರ ಅಜ್ಜಿ," ಎಂದಳು ಮಗಳು.

"ನಾವು ಕಟ್ಟುಬೀಳಬೇಕು, ಅವರು ಆರಾಮ ಕುಂತು ನೋಡಬೇಕು. ಭಾಳ ದೊಡ್ಡ ಮನಿತನದವ್ರು ಬಿಡು." ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದರು. "ಇರಲಿ. ಹುಡುಗಿಗೆ ಮನಸೈತಿ. ಆದ್ರ ಸಕ್ಕರಿ ಇಲ್ಲದ ಮಾತು ಮಾತಲ್ಲ ನೋಡವ್ವಾ."

ಸಹಿ ನಾನು ಹಾಕಿದೆ. ದಿನಾ ಹಾಜರಿ ಪುಸ್ತಕದಲ್ಲಿ ಕಣ್ಣು ಮುಚ್ಚಿ ಹಾಕುವ ಸಹಿ ಅವತ್ತು ಬೇರೆ ಯಾರದೋ ಸಹಿಯ ಹಾಗೆ ಬಂತು. ಮೂರನೇ ಹಾಳೆಯಲ್ಲಿ ಸರಿಹೋಯಿತು. ಮಗಳು ಅದರ ಫೋಟೋ ಹಾಕಿ ಗುಂಡಿ ಒತ್ತಿದಳು. ಸೀನು ಬರಲಿಲ್ಲ. ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿ, ಇನ್ನೊಂದು ಹಿಡಿಯನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಮೈಲಾರಲಿಂಗನ ಪಟದ ಮುಂದೆ ಇರಿಸಿದರು. ಹುಡುಗಿ ಆ ಮನೆಯ ಹೊಸ್ತಿಲು ದಾಟಿ, ಅಲ್ಲಿ ಎದುರಾದ ಮೊದಲನೆಯವರ ಕೈಗೆ ಅದನ್ನು ಕೊಡಬೇಕು, ಅಲ್ಲಿಯವರೆಗೆ ಡಬ್ಬಿಯ ಮುಚ್ಚಳ ತೆಗೆಯಬಾರದು ಎಂದು ಅಪ್ಪಣೆಯಾಯಿತು.

ಸಂದರ್ಶನ ಫೋನಿನಲ್ಲೇ. ನಮ್ಮ ಮನೆಯ ನೆಟ್ ನಂಬದೆ ನಾರಾಯಣಪೇಟೆಯ ನಾದಿನಿಯ ಮನೆಗೆ ಹೋದೆವು. ಅವರ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ನಾನು ಮನೆಮನೆಗೂ ಹೋಗಿ, ಅರ್ಧ ತಾಸು ನಿಲ್ಲಿಸಿರಿ ಅಂತ ಕೈಮುಗಿದು ಬಂದೆ. ಸೀರೆ ನೇಯುವವರು ಪಾಪ, ನಿಲ್ಲಿಸಿದರು; ನಿಲ್ಲಿಸಿ ಎಲ್ಲರೂ ನಾದಿನಿಯ ಅಂಗಳಕ್ಕೆ ಬಂದು ಕೂತರು. ಸಂದರ್ಶನ ಮಾಡಿದ ಮೇಡಂ ಅದು ಎಂಥ ಊರು ಎಂದು ಕೇಳಿದಾಗ ಮಗಳು, ನಮ್ಮ ಅವ್ವ ಬಾಯಿ ಮುಚ್ಚಿಸಿದ ಊರು ಎಂದಳಂತೆ. ಅವರಿಗೆ ಮಗ್ಗದ ಸದ್ದು ಕೇಳಬೇಕೆನಿಸಿತಂತೆ. ನಾನು ಅಂಗಳಕ್ಕೆ ಹೋಗಿ, ಒಂದೇ ಒಂದು ಮಗ್ಗ ನಡೆಸಿರಿ ಅಂತ ಮತ್ತೆ ಕೈಮುಗಿದೆ.

ಆಮೇಲೆ ಕಾಯುವುದು. ಅತ್ತೆ ದಿನಾ ಸಂಜೆ ಕೇಳುತ್ತಿದ್ದರು, ಅವರ ಮನೆ ಕಡೆಯಿಂದ ಮಾತು ಬಂತೇ ಎಂದು. ಗದ್ವಾಲದಲ್ಲಿ ಬೀಜದ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ಬಿತ್ತಿದ ಮೇಲೆ ಮಣ್ಣು ಕೆದರಿ ನೋಡಬಾರದು ಎಂದು ನನ್ನ ಕೈಯಿಂದ ಮಗಳ ಫೋನ್ ಕಸಿದುಕೊಳ್ಳುತ್ತಿದ್ದರು.

ನಾನು ಏಳನೇ ತರಗತಿಗೆ ಲೆಕ್ಕ ಹೇಳುವಾಗ ಮಗಳ ಫೋನ್ ಬಂತು.

"ಅವ್ವಾ, ಬಂತು."

"ಏನ್ ಬಂತು? ಮತ್ತ ಯಾವ ಕಾಗದ ಕೇಳ್ಯಾರ?"

"ಸೀಟು ಬಂತವ್ವ."

ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕ ಹಾಗೇ ಉಳಿಯಿತು. ಮಕ್ಕಳು ಎಂಥ ವಿವೇಕಿಗಳೆಂದರೆ ಯಾರೂ ಅದನ್ನು ನೆನಪಿಸಲಿಲ್ಲ. ಸಂಜೆ ಮಗಳು, ಯಾತಕ್ಕೂ ಇರಲಿ ಎಂದು ನಾನು ಹಾಕಿಸಿದ್ದ ಬೇರೆ ಎರಡು ಕಾಲೇಜುಗಳ ಅರ್ಜಿಯನ್ನು ವಾಪಸು ತೆಗೆದುಕೊಂಡಳು. ಎರಡೇ ನಿಮಿಷದ ಕೆಲಸ. ನನಗೆ ಮಾತ್ರ ಎರಡು ಗಂಡಿನ ಮನೆಗೆ ಬೇಡವೆಂದು ಹೇಳಿ ಕಳಿಸಿದಷ್ಟು ಸಂಕೋಚವಾಯಿತು.

ಹೊರಡುವ ದಿನ ಚೀಲ ಕಟ್ಟುವಾಗ ಸಕ್ಕರೆಯ ಡಬ್ಬಿ ಕಾಗದಗಳ ಫೈಲಿನೊಳಗೆ ಹಿಡಿಸಲಿಲ್ಲ. ಬೇರೆ ಚೀಲದಲ್ಲಿಟ್ಟರೆ, ಆ ಚೀಲ ಕಳೆದರೆ? ಕೊಟ್ಟ ಮಾತು ಒಂದು ಕಡೆ, ಸಕ್ಕರೆ ಒಂದು ಕಡೆ ಆದರೆ? ಅತ್ತೆ ನೋಡದ ಹಾಗೆ ಮುಚ್ಚಳ ತೆಗೆದು, ಗಂಟನ್ನಷ್ಟೇ ಎತ್ತಿ, ಸಹಿ ಹಾಕಿದ ಕಾಗದದ ಪಕ್ಕದಲ್ಲೇ ಸಿಗಿಸಿದೆ. ಇನ್ನು ಭಯವಿಲ್ಲ ಎಂದುಕೊಂಡೆ.

ಗದ್ವಾಲ ಸ್ಟೇಷನ್ನಿಗೆ ರೈಲಿಗಿಂತ ಮೂರು ತಾಸು ಮೊದಲೇ ಮುಟ್ಟಿದೆವು. ರೈಲು ತಪ್ಪಬಾರದೆಂದು ನಾನೇ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದ್ದೆ. ಮೂರು ತಾಸೂ ಫೈಲಿನ ಚೀಲ ಪ್ಲಾಟ್‌ಫಾರ್ಮಿನ ಬೇವಿನ ಬುಡದಲ್ಲಿ, ನನ್ನ ಕಾಲ ಹತ್ತಿರ ಇತ್ತು. ಕಳ್ಳರು ಮುಟ್ಟಬಾರದೆಂದು ಅದರ ಹಿಡಿಕೆಯನ್ನು ಪಾದಕ್ಕೆ ಸುತ್ತಿಕೊಂಡಿದ್ದೆ. ರೈಲು ಬಂತು, ಅದು ನಮ್ಮದೇ ಆಗಿತ್ತು. ಇಳಿದ ಊರೂ ಸರಿಯಾದ ಊರೇ. ಫೈಲ್ ಭದ್ರವಾಗಿತ್ತು.

ಕಾಲೇಜಿನ ಹೊಸ್ತಿಲು ದಾಟಿದ ಮೇಲೆ ಎದುರಾದ ಮೊದಲನೆಯವರು ಕಾಗದ ನೋಡುವ ಮೇಜಿನ ಹಿಂದಿದ್ದ ಹಿರಿಯ ಹೆಂಗಸು. ನಗುತ್ತಾ ಕೈ ಚಾಚಿದರು. ನಾನು ದೊಡ್ಡ ಸಮಾರಂಭದ ಹಾಗೆ ಫೈಲ್ ಬಿಚ್ಚಿದೆ.

ಮೊದಲು ಒಂದು ಇರುವೆ ಬಂತು. ಅದು ಮೇಜು ನೋಡಿ, ಒಳಗೆ ಹೋಗಿ ಉಳಿದವರಿಗೆ ಹೇಳಿರಬೇಕು. ಆಮೇಲೆ ಗದ್ವಾಲದ ಬೇವಿನ ಬುಡದ ಇಡೀ ಸಂಸಾರ, ಬೆನ್ನ ಮೇಲೆ ಒಂದೊಂದು ಹರಳು ಹೊತ್ತು, ನನ್ನ ಸಹಿಯ ಮೇಲಿಂದ, ಯಾರೂ ಕೇಳದ ಆದಾಯ ಪತ್ರದ ಮೇಲಿಂದ, ಆ ಹೆಂಗಸಿನ ಕಂಪ್ಯೂಟರಿನ ಕೀಲಿಮಣೆಯೊಳಗೆ ಸಾಲಾಗಿ ಇಳಿಯತೊಡಗಿತು.

ಮಗಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಅವ್ವಾ, ಇದು ನಿನ್ನ ಪಟ್ಟಿಯೊಳಗ ಇತ್ತೇನು?"

ಇಲಿ ಇತ್ತು. ಗೆದ್ದಲು ಇತ್ತು.