ಎಡಗೈ ಎತ್ತಿದ ತರಗತಿ

ಇದು ಆಗದ ಮಾತು ಎಂದವರು ನನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಬಿ.ಎ. ಮುಗಿಸಿ ಬಿ.ಎಡ್.ಗೆ ಸೇರಿದ ವಾರ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

"ಬಿ.ಎ. ಏನೋ ಆಯ್ತು ಬಿಡಮ್ಮ, ಯಾರ್ ಬೇಕಾದ್ರೂ ಮಾಡ್ತಾರೆ. ಕನ್ನಡ ಮೇಡಂ ಆಗೋದು ಅಂದ್ರೆ ಹಂಗಲ್ಲ. ಮನೇಲಿ ತೆಲುಗು, ಹೊರಗೆ ಕುರಿ. ಆ ನಾಲಿಗೆ ತಗೊಂಡು ಯಾರಿಗೆ ಕನ್ನಡ ಕಲಿಸ್ತೀಯ?"

ಪಕ್ಕದಲ್ಲಿ ನಿಂತಿದ್ದ ಇಬ್ಬರು ನಕ್ಕರು. ನಾನೂ ನಕ್ಕಂತೆ ಮಾಡಿ ಬಸ್ಸು ಹತ್ತಿದೆ.

ನನ್ನ ಅಣ್ಣ ಓದು ಬಿಟ್ಟದ್ದು ಅದೇ ಮೇಷ್ಟ್ರ ತರಗತಿಯಲ್ಲಿ. ಉತ್ತರ ಗೊತ್ತಿಲ್ಲದವರು ಪೀರಿಯಡ್ ಮುಗಿಯುವ ತನಕ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಅಣ್ಣ ದಿನಾ ನಿಂತ. ಒಂದು ದಿನ ಸಾಕಾಗಿ, ಗೊತ್ತಿದ್ದವರ ಜೊತೆ ತಾನೂ ಕೈ ಎತ್ತಿಬಿಟ್ಟ. ಅಷ್ಟು ಕೈಗಳ ನಡುವೆ ತನ್ನದು ಯಾರಿಗೂ ಕಾಣಲಿಕ್ಕಿಲ್ಲ ಅಂದುಕೊಂಡಿದ್ದ. ಮೇಷ್ಟ್ರು ಅವನನ್ನೇ ಎಬ್ಬಿಸಿದರು. ಅವನು ಸುಮ್ಮನೆ ನಿಂತದ್ದು ನೋಡಿ, "ಓಹೋ, ಕುರಿ ಕಾಯೋನಿಗೂ ಕೊಂಬು ಬಂತು" ಅಂದರು. ಇಡೀ ತರಗತಿ ನಕ್ಕಿತಂತೆ. ಮಾರನೇ ಬೆಳಗ್ಗೆ ಪುಸ್ತಕದ ಚೀಲವನ್ನು ನನ್ನ ಮುಂದಿಟ್ಟು ಅಪ್ಪನ ಮಂದೆಯ ಹಿಂದೆ ಹೊರಟುಹೋದ. ಅವನು ದುಡಿಮೆಗೆ ಇಳಿದದ್ದರಿಂದ ಮನೆಯಲ್ಲಿ ಒಬ್ಬರು ಓದಬಹುದು ಎಂದಾಯಿತು. ಆ ಒಬ್ಬಳು ನಾನು. ನಮ್ಮ ಹಟ್ಟಿಯಲ್ಲಿ ನನಗಿಂತ ಮುಂಚೆ ಯಾವ ಹೆಣ್ಣೂ ಡಿಗ್ರಿ ಮಾಡಿರಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ.

ಬಿ.ಎಡ್.ನ ಕೊನೆಯಲ್ಲಿ ಅಂತಿಮ ಪಾಠ ಅಂತ ಒಂದು ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ನಾವು ನಿಜವಾದ ಶಾಲೆಯ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಅದರಲ್ಲಿ ಫೇಲಾದರೆ ಮತ್ತೊಂದು ವರ್ಷ. ಆ ಮತ್ತೊಂದು ವರ್ಷಕ್ಕೆ ಬೇಕಾದ ದುಡ್ಡು ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವ ಚಳ್ಳಕೆರೆಯ ಮಿಲ್ಲಿನಲ್ಲಿ ಶೇಂಗಾ ಬೀಜ ಹಸನು ಮಾಡುತ್ತಿದ್ದಳು. ಧೂಳಿಗೆ ಅವಳ ಕಣ್ಣುಗಳು ಸದಾ ಕೆಂಪಗಾಗಿ ನೀರಾಡುತ್ತಿದ್ದವು. "ಈ ಸಲ ಮುಗಿಸಿಬಿಡು ತಾಯಿ" ಎಂದು ಒಂದೇ ಸಲ ಹೇಳಿದ್ದಳು. ಅವಳು ಯಾವುದನ್ನೂ ಎರಡು ಸಲ ಹೇಳುವವಳಲ್ಲ.

ನನಗೆ ಬಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಶಾಲೆ, ಕೊಂಡ್ಲಹಳ್ಳಿಯಿಂದ ಇನ್ನೂ ಒಳಗೆ. ಎಂಟನೇ ತರಗತಿ. ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ಜೊತೆಗೆ ಸಮಾಜ ವಿಜ್ಞಾನದ ಗೆಳತಿಯೊಬ್ಬಳಿದ್ದಳು. ಅವಳ ಅಂತಿಮ ಪಾಠ ನನ್ನದಕ್ಕಿಂತ ಮೊದಲು. ಹಿಂದಿನ ದಿನ ಅವಳು ಮಕ್ಕಳನ್ನು ಕೂರಿಸಿಕೊಂಡು ಬಿ.ಎಡ್.ನವರಲ್ಲಿ ತಲೆಮಾರುಗಳಿಂದ ನಡೆದುಬಂದ ಉಪಾಯವನ್ನು ಹೇಳಿಕೊಟ್ಟಳು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಅವಳು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾಳೆ. ಹಿಂದೆ ಕೂತ ಪರೀಕ್ಷಕರಿಗೆ ಕಾಣುವುದು ಕೋಣೆ ತುಂಬ ಕೈ.

ಹಾಗೇ ಆಯಿತು. ಅವಳಿಗೆ ಶಭಾಷ್ ಸಿಕ್ಕಿತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕೊನೆಯ ಬೆಂಚಿನ ಒಬ್ಬ ಹುಡುಗಿ ಇಡೀ ಪೀರಿಯಡ್ ಎಡಗೈ ಎತ್ತಿದಳು, ಇಳಿಸಿದಳು, ಎತ್ತಿದಳು. ಒಂದು ಸಲವೂ ಯಾರೂ ಅವಳ ಕಡೆ ನೋಡಲಿಲ್ಲ.

"ನಾಳೆ ನಿಂದು. ಮಕ್ಕಳು ರೆಡಿ ಅವ್ರೆ, ಬಿಸಿ ಆರೋದ್ರೊಳಗೆ ಮಾಡ್ಕೋ" ಎಂದಳು ಗೆಳತಿ.

"ನಾನು ಹಂಗೆ ಮಾಡಲ್ಲ."

"ಲೇ, ಎಲ್ರೂ ಇದನ್ನೇ ಮಾಡೋದು ಕಣೇ. ಬರೋ ಪರೀಕ್ಷಕರೂ ಇದನ್ನೇ ಮಾಡಿ ಪಾಸಾಗಿರ್ತಾರೆ. ನೀನು ಕೇಳಿದ್ರೆ ಒಂದು ಕೈನೂ ಏಳಲ್ಲ. ನಿಂಗೆ ನೀತಿ ಬೇಕೋ, ಸರ್ಟಿಫಿಕೇಟ್ ಬೇಕೋ?"

"ಎರಡೂ ಬೇಕು."

"ಹಂಗಾದ್ರೆ ಮೊಳಕಾಲ್ಮೂರಿಗೆ ಹೋಗಿ ಸೀರೆ ಮಗ್ಗಕ್ಕೆ ಕೂತ್ಕೋ."

"ಅದಕ್ಕೂ ಸರಿಯಾಗಿ ಕಲಿಸೋರು ಬೇಕು."

ಮಾತಿಗೆ ಮಾತು ಕೊಟ್ಟೆನೇ ಹೊರತು, ಒಂದು ಕೈಯೂ ಏಳದಿದ್ದರೆ ಎಂಬ ಭಯ ನನಗೂ ಇತ್ತು. ಕನ್ನಡ ಪುಸ್ತಕದ ಅರ್ಧ ಪಾಠಗಳು ಒಳ್ಳೆಯ ಬಾಳಿನ ಬಗ್ಗೆಯೇ ಇರುತ್ತವೆ. ಸುಳ್ಳಾಡಬಾರದು, ಇನ್ನೊಬ್ಬರನ್ನು ಹೀಗಳೆಯಬಾರದು ಅಂತ. ಅದನ್ನು ಗಟ್ಟಿಯಾಗಿ ಓದಿಸುತ್ತಲೇ, ಗೊತ್ತಿಲ್ಲದ್ದನ್ನು ಮುಚ್ಚಿಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡುವುದು ನನ್ನಿಂದ ಆಗಲಿಲ್ಲ. ಮಾತು ಕಲಿಸುವವಳೇ ಮಕ್ಕಳಿಂದ ಸುಳ್ಳು ಆಡಿಸಿದರೆ ಅವರು ಇನ್ಯಾರ ಮಾತು ನಂಬಬೇಕು? ದೊಡ್ಡ ತತ್ವವೇನಲ್ಲ ಇದು. ಮೇಷ್ಟ್ರ ತರಗತಿಯಲ್ಲಿ ಕೈ ಎತ್ತಿ ಕೂತ ಅಣ್ಣ ಕಣ್ಣ ಮುಂದೆ ಬರುತ್ತಿದ್ದ, ಅಷ್ಟೆ. ಸಂಜೆ ಮಕ್ಕಳನ್ನು ಕರೆದು, "ನಾಳೆ ನನ್ನ ಪಾಠದಲ್ಲಿ ಗೊತ್ತಿದ್ದರೆ ಮಾತ್ರ ಕೈ ಎತ್ತಿ" ಎಂದೆ. ಎಲ್ಲರೂ ಹೂಂ ಮಿಸ್ ಅಂದರು.

ಪರೀಕ್ಷಕರು ಬಂದರು. ಹಿಂದಿನ ಬೆಂಚಿನಲ್ಲಿ ನನ್ನ ಪಾಠಯೋಜನೆ ಬಿಡಿಸಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಬರಗಾಲದಲ್ಲಿ ಊರಿನವರು ಹಳ್ಳಕ್ಕೆ ನೀರು ಹುಡುಕಿ ಹೋಗುವ ಒಂದು ಗದ್ಯಭಾಗ. ಓದಿದೆ. ಮೊದಲ ಪ್ರಶ್ನೆ ಕೇಳಿದೆ.

ಒಂದು ಕೈಯೂ ಏಳಲಿಲ್ಲ.

ಪ್ರಶ್ನೆಯನ್ನು ಸುಲಭ ಮಾಡಿ ಇನ್ನೊಮ್ಮೆ ಕೇಳಿದೆ. ಮಕ್ಕಳು ನಾನು ಹೇಳಿದ್ದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಕಿಟಕಿಯ ಹೊರಗೆ ಗೆಳತಿ ತನ್ನ ಬಲಗೈ ಎತ್ತಿ, ಎಡಗೈ ಎತ್ತಿ ನನಗೆ ಸನ್ನೆ ಮಾಡುತ್ತಿದ್ದಳು. ಬೆವರಿಗೆ ಸೀಮೆಸುಣ್ಣ ಬೆರಳಿಗೆ ಅಂಟುತ್ತಿತ್ತು. ಅವ್ವನ ಕಣ್ಣು ನೆನಪಾಯಿತು. ಬಸ್ ಸ್ಟ್ಯಾಂಡಿನ ನಗು ನೆನಪಾಯಿತು. ಮೇಷ್ಟ್ರು ಹೇಳಿದ್ದೇ ನಿಜವೇನೋ, ನನ್ನ ನಾಲಿಗೆ ಇದಕ್ಕಲ್ಲವೇನೋ ಅನ್ನಿಸಿತು. ಒಂದೇ ಒಂದು ಮಾತಿನಲ್ಲಿ ಹಳೆಯ ಪದ್ಧತಿಗೆ ಮರಳಬಹುದಿತ್ತು. ಆ ಮಾತು ಆಡದೆ, ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿದೆ.

ಆಗ ಕೊನೆಯ ಬೆಂಚಿನ ಆ ಹುಡುಗಿ ಕೈ ಎತ್ತಿದಳು. ಎಡಗೈ.

"ಗೊತ್ತಿದೆಯಾ?" ಎಂದೆ.

ಎದ್ದು ನಿಂತಳು. "ಇಲ್ಲ ಮಿಸ್. ಗೊತ್ತಿದ್ರೆ ಕೈ ಎತ್ರಿ ಅಂದಿದ್ರಿ. ಗೊತ್ತಿಲ್ದಿದ್ರೆ ಹೆಂಗೆ ಕೇಳ್ಬೇಕು ಅಂತ ನೀವು ಹೇಳ್ಲಿಲ್ಲ. ಅದ್ಕೇ ಈ ಕೈ ಎತ್ತಿದೆ. ಒರತೆ ಅಂದ್ರೆ ಏನು ಮಿಸ್?"

ಪರೀಕ್ಷಕರು ಪೆನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು. ನಾನು ಪಾಠಯೋಜನೆಯನ್ನು ಮರೆತೆ. "ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಮರಳು ಬಗೆದರೆ ಏನು ಬರುತ್ತೆ?" ಎಂದೆ.

"ನೀರು ಮಿಸ್."

"ಹಾಗೆ ಬಗೆದು ಮಾಡಿದ ಗುಂಡಿಗೆ ನಿಮ್ಮ ಮನೆಯಲ್ಲಿ ಏನಂತಾರೆ?"

"ಚೆಲಮ!" ನಾಲ್ಕೈದು ಬಾಯಿ ಒಟ್ಟಿಗೆ ಅಂದವು.

"ಆ ಚೆಲಮದಲ್ಲಿ ಒಳಗಿನಿಂದ ಸಣ್ಣಗೆ ಜಿನುಗುತ್ತಲ್ಲ, ಅದೇ ಒರತೆ."

ಅವಳು ಕೂತಳು. ಅವಳ ಮುಂದಿನ ಬೆಂಚಿನಲ್ಲಿ ಒಂದು ಎಡಗೈ ಎದ್ದಿತು. ಕಿಟಕಿಯ ಪಕ್ಕ ಇನ್ನೊಂದು. ಆಮೇಲೆ ಎಣಿಸುವುದಕ್ಕೆ ಆಗಲಿಲ್ಲ. ಅವರು ಕೇಳಿದ್ದನ್ನು ಒಂದೊಂದಾಗಿ ಬಿಡಿಸುತ್ತ ಹೋದೆ, ಬೆಲ್ಲಾಯಿತು.

ಪರೀಕ್ಷಕರು ಎದ್ದು ಬಂದರು. "ಐದು ಹಂತ ಬರ್ದಿದ್ದೀಯಮ್ಮ. ಎರಡಕ್ಕೇ ಬೆಲ್ಲಾಯ್ತು."

"ಹೌದು ಸಾರ್."

"ಕನ್ನಡ ಪಾಠದಲ್ಲಿ ತೆಲುಗು ಬಂತು. ನೀನು ಬೇಡ ಅನ್ನಲಿಲ್ಲ."

"ಇಲ್ಲ ಸಾರ್."

ಪೆನ್ನಿಗೆ ಮುಚ್ಚಳ ಹಾಕಿ ಹೊರಟುಹೋದರು.

ಫಲಿತಾಂಶ ಬರುವ ತನಕದ ದಿನಗಳನ್ನು ಬದುಕಿದ್ದು ಹೇಗೆಂದು ಈಗಲೂ ತಿಳಿಯದು. ಅವ್ವನ ಪಕ್ಕದಲ್ಲಿ ಕೂತು ಶೇಂಗಾ ಬೀಜ ಆರಿಸಿದೆ. ಕೆಟ್ಟ ಬೀಜ ಕಂಡಾಗಲೆಲ್ಲ ಅದು ನಾನೇ ಅನ್ನಿಸುತ್ತಿತ್ತು. ಆ ಮೇಷ್ಟ್ರು ಎದುರಾದಾರು ಎಂದು ಬಸ್ ಸ್ಟ್ಯಾಂಡ್ ಬಿಟ್ಟು ಸುತ್ತು ಹಾಕಿ ಮಿಲ್ಲಿಗೆ ಹೋಗುತ್ತಿದ್ದೆ. ಅವ್ವ ಮೊದಮೊದಲು "ಬಂತೇನೇ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಕೇಳುತ್ತಿದ್ದಾಗಲೇ ಎಷ್ಟೋ ವಾಸಿಯಾಗಿತ್ತು.

ಪಾಸಾಗಿದ್ದೆ. ಅಂತಿಮ ಪಾಠಕ್ಕೆ ಬ್ಯಾಚಿನಲ್ಲೇ ಎಲ್ಲರಿಗಿಂತ ಕಡಿಮೆ ಅಂಕ ನನಗೆ, ದಡ ಸೇರುವಷ್ಟು ಮಾತ್ರ.

ಕಾಲೇಜಿನ ಆಫೀಸಿನಲ್ಲಿ ಸರ್ಟಿಫಿಕೇಟ್ ಕೈಗೆ ಬಂದ ದಿನ ಅವ್ವನಿಗೆ ತೋರಿಸಿ, ಅಲ್ಲಿಂದ ನೇರ ಅಣ್ಣನ ಹತ್ತಿರ ಹೋದೆ. ಪರಶುರಾಂಪುರದ ಆಚೆ ಶೇಂಗಾ ಕಿತ್ತ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ.

"ಬಂದ್ಳಪ್ಪ ಮೇಡಮ್ಮ. ಕುರಿಗೆ ಪಾಠ ಹೇಳ್ತೀಯೇನು?" ಎಂದ.

ಸರ್ಟಿಫಿಕೇಟ್ ಕೊಟ್ಟೆ. ಕೈಯನ್ನು ಕಂಬಳಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡ. ನನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದ. ಅದರ ಕೆಳಗೆ ಅಪ್ಪನ ಹೆಸರನ್ನೂ ಓದಿದ.

"ನೌಕರಿ?"

"ಇನ್ನೂ ಇಲ್ಲಣ್ಣ."

ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ಸು ಕೊಟ್ಟು ಹೇಳಿದ:

"ಸಿಕ್ಕಿದ ದಿನ, ಯಾರನ್ನೂ ಗೋಡೆ ಕಡೆ ನಿಲ್ಲಿಸಬ್ಯಾಡ ತಂಗಿ. ಆ ಗೋಡೆ ಬಿರುಕು ಇವತ್ತಿಗೂ ನಂಗೆ ನೆಪ್ಪೈತೆ."